ಏಳು ಮನೆಯವರ ಜೊತೆ ನಾಕಾದವರೆಗೆ

ಪುಷ್ಯ ಮಾಸದ ಒಂದು ಸೋಮವಾರ ಬೆಳಗಿನ ಏಳು ಗಂಟೆಗೆ ಮೂರು ಎತ್ತಿನ ಬಂಡಿ ಕಟ್ಟಿಕೊಂಡು ಗೋಕಾಕವನ್ನು ಬಿಟ್ಟೆವು. ಚಳಿ ಬಹಳವಿತ್ತು. ಘಟಪ್ರಭೆಯ ಮೇಲೆ ಎದ್ದ ಮಂಜು ಊರ ಅಂಚಿನ ಮನೆಗಳವರೆಗೂ ಹಬ್ಬಿತ್ತು. ಮುಂದಿನ ಬಂಡಿಯ ಎತ್ತುಗಳ ಗೆಜ್ಜೆ ಕೇಳುತ್ತಿತ್ತು, ಬಂಡಿ ಕಾಣುತ್ತಿರಲಿಲ್ಲ. ಬಂಡಿಗಳಲ್ಲಿ ಮುದುಕರು, ಮಕ್ಕಳು, ಬೀಸುವ ಕಲ್ಲು, ಕೌದಿಯ ಗಂಟುಗಳು. ಉಳಿದವರು ಹಿಂದಿನಿಂದ ನಡೆಯುತ್ತಿದ್ದರು. ನಾನು ಗೋಕಾಕದ ಕನ್ನಡ ಶಾಲೆಯ ಮಾಸ್ತರ. ಒಂಬತ್ತು ದಿನ ರಜೆ ಹಾಕಿ ಈ ಜನರನ್ನು ಅವರವರಿಗೆ ಗೊತ್ತುಮಾಡಿದ ಊರುಗಳಿಗೆ ಮುಟ್ಟಿಸಿ ಬರಲು ಹೊರಟಿದ್ದೆ.

ಅವರು ಮೂಡಣ ದಿಕ್ಕಿನ ಒಂದು ಸಣ್ಣ ಸಂಸ್ಥಾನದ ರೈತರು. ಸಂಸ್ಥಾನದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವರು ಎಂದಾದರೊಂದು ದಿನ ಅಲ್ಲಿಗೇ ಮರಳಿ ಬಾಳಬೇಕಾದವರು. ಅರಸರ ಬೇಟೆಯ ಬಿಡಾರಕ್ಕೆ ಕೂಲಿಯಿಲ್ಲದೆ ದುಡಿಯುವ ಬಿಟ್ಟಿ ಚಾಕರಿ ಇನ್ನು ಮಾಡುವುದಿಲ್ಲ ಎಂದು ಊರವರೆಲ್ಲ ಗುಡಿಯಲ್ಲಿ ಕೂಡಿ ಹೇಳಿದರು. ಮೂರನೆಯ ದಿನ ಸಂಸ್ಥಾನದ ಸಿಪಾಯಿಗಳು ಬಂದು ಮನೆಗಳ ಬಾಗಿಲು ಮುರಿದರು. ಮೊದಲು ಮಾತನಾಡಿದವನನ್ನು ಕೈಕಟ್ಟಿ ಒಯ್ದು ಸೆರೆಮನೆಗೆ ಹಾಕಿದರು. ಏಳು ಮನೆಯವರು ಸಂಜೆಯೊಳಗೆ ಹಳ್ಳ ದಾಟಿ ಈಚೆಯ, ಇಂಗ್ರೇಜರ ಆಳಿಕೆಯ ಮುಲಕಿಗೆ ಬಂದರು. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ಇಲ್ಲಿ ಒಂದು ದಿನ ನಡೆದರೆ ಮೂರು ದೊರೆಗಳ ರಾಜ್ಯ ದಾಟುತ್ತೇವೆ. ಹಳ್ಳದ ಆ ದಂಡೆಯಲ್ಲಿ ಅಪರಾಧಿಯಾದವನು ಈ ದಂಡೆಯಲ್ಲಿ ಬರೇ ದಣಿದ ಮನುಷ್ಯ.

ಗೋಕಾಕದಲ್ಲಿ ಅವರು ಹತ್ತಿಯ ಜಿನ್ನಿನ ಹಳೆಯ ಶೆಡ್ಡಿನಲ್ಲಿ ಒಂದೂವರೆ ತಿಂಗಳು ಇದ್ದರು. ಪೇಟೆಯ ಕೆಲವು ವ್ಯಾಪಾರಸ್ಥರು ಕೂಡಿ ಜೋಳ, ಬೇಳೆ ಒದಗಿಸುತ್ತಿದ್ದರು. ಅಷ್ಟರಲ್ಲಿ ಸಂಸ್ಥಾನದವರು ತಕರಾರು ತೆಗೆದರು: ನಮ್ಮ ಗಡಿಯ ಹತ್ತಿರವೇ ಇವರನ್ನೆಲ್ಲ ಗುಂಪಾಗಿ ಇಟ್ಟಿದ್ದೀರಿ, ಇಲ್ಲಿಂದಲೇ ಊರಿಗೆ ಸುದ್ದಿ ಕಳಿಸಿ ಜನರನ್ನು ಎಬ್ಬಿಸುತ್ತಿದ್ದಾರೆ ಎಂದು. ತಾಲೂಕಿನ ಮಾಮಲೇದಾರರು ಇವರನ್ನು ಹಂಚಿ ಇಡಲು ಹೇಳಿದರು. ಊರೂರಿಗೆ ಪತ್ರಗಳು ಹೋದವು. ನಾಗನೂರು ಒಂದು ಮನೆ ಒಪ್ಪಿತು, ಮೂಡಲಗಿ ಮೂರು, ಹುಕ್ಕೇರಿ ಎರಡು. ಏಳನೆಯದನ್ನು ಸಂಕೇಶ್ವರದಾಚೆಗಿನ ಪಡುವಣ ಸಂಸ್ಥಾನ ತೆಗೆದುಕೊಳ್ಳುವುದಾಗಿ ಬರೆದಿತ್ತು. ಅದು ಸೆರೆಯಲ್ಲಿದ್ದವನ ಮನೆ. ಅವನ ಹೆಂಡತಿ ಗಂಗವ್ವ ಮತ್ತು ಎರಡು ವರ್ಷದ ಮಗಳು, ಇಬ್ಬರೇ. ಅಂಥವನ ಮನೆಯವರು ಗಡಿಯಿಂದ ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು ಎಂಬುದು ಸರಕಾರದ ಲೆಕ್ಕ. ನನಗೆ ಮರಾಠಿ ಬರುವುದರಿಂದ ಮುಟ್ಟಿಸುವ ಕೆಲಸ ನನಗೆ ಬಂತು.

ಸೋಮವಾರದ ಬಂಡಿಗಳಲ್ಲಿ ಗಂಗವ್ವ ಬರಬೇಕಾಗಿರಲಿಲ್ಲ. ಅವಳ ದಾರಿ ಪಡುವಣಕ್ಕೆ, ಬುಧವಾರ. ಆದರೆ ಮೂಡಲಗಿಗೆ ಹೋಗುವವರಲ್ಲಿ ಅವಳ ತಂಗಿ ನೀಲವ್ವ ಇದ್ದಳು. ಅಕ್ಕತಂಗಿಯರನ್ನು ಒಂದೇ ಮದುವೆಯ ಹಂದರದಲ್ಲಿ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಗಂಗವ್ವ ನನ್ನ ಹತ್ತಿರ ಬಂದು, "ತಂಗಿನ್ನ ಬಿಟ್ಟ ಬರತೇನ್ರಿ, ಮಾಸ್ತರ್ರ" ಎಂದಳು. ನಾನು ಹ್ಞೂಂ ಎಂದೆ.

ಹದಿನಾರು ಮೈಲಿನ ದಾರಿ. ಬಿಸಿಲೇರಿದಂತೆ ಮಂಜು ಹರಿದು, ಎರಡೂ ಬದಿಗೆ ಬಿಳಿಜೋಳದ ಹೊಲಗಳು ಕಂಡವು. ತೆನೆ ತುಂಬಿತ್ತು. ಹೊಲ ಕಂಡದ್ದೇ ನಡೆಯುವವರ ಹೆಜ್ಜೆ ನಿಧಾನವಾಯಿತು. ಅವರ ಹೊಲಗಳಲ್ಲೂ ಇದೇ ಜೋಳ, ಇಷ್ಟೇ ಎತ್ತರಕ್ಕೆ, ಕಾಯುವವರಿಲ್ಲದೆ ನಿಂತಿತ್ತು. ನೀಲವ್ವನ ಗಂಡ ಮಲ್ಲಪ್ಪ ದಾರಿ ಬದಿಯ ಒಂದು ತೆನೆಯನ್ನು ಕೈಯಲ್ಲಿ ಹಿಡಿದು ನೋಡಿ, ಮುರಿಯದೆ ಬಿಟ್ಟ.

"ನಮ್ಮ ಹೊಲದಾಗೂ ಈಗ ಹಾಲಗಾಳ ಹಿಡದಿರತೈತ್ರಿ," ಎಂದ. "ಹಕ್ಕಿ ಹೊಡಿಯವ್ರ ಯಾರು?"

"ಹಕ್ಕಿಯರ ತಿನ್ನಲಿ ಬಿಡ್ರಿ," ಎಂದಳು ನೀಲವ್ವ. "ಸಿಪಾಯಿಗೋಳು ತಿನ್ನೂದಕ್ಕಿಂತ ಹಕ್ಕಿ ತಿನ್ನೂದು ಚಲೋ."

ನಾಗನೂರಿನಲ್ಲಿ ಒಂದು ಮನೆಯವರನ್ನು ಇಳಿಸಿದೆವು. ಕರೆಯಲು ಬಂದಿದ್ದ ರೈತ ಕಾಳು ಹೂಳಿಡುವ ಹಗೇವಿನ ಬಾಜೂಕ್ಕಿದ್ದ ಪಡಸಾಲೆಯನ್ನು ಸಾರಿಸಿ ಇಟ್ಟಿದ್ದ. ಊಟಕ್ಕೆ ರೊಟ್ಟಿ, ಝುಣಕ, ಮಜ್ಜಿಗೆ ಕೊಟ್ಟರು. ಹೊತ್ತು ಮುಳುಗುವ ಮುಂಚೆ ಮೂಡಲಗಿ ಸೇರಿದೆವು. ಅಲ್ಲಿ ಮೂರು ಮನೆಗಳಿಗೂ ಜಾಗ ಗೊತ್ತುಮಾಡಿದ್ದವನು ಸಿದ್ದಪ್ಪ ಎಂಬ ಐವತ್ತು ವರ್ಷದ ರೈತ. ಹೆಗಲಮೇಲೆ ಕಂಬಳಿ, ಹಣೆಯ ಮೇಲೆ ವಿಭೂತಿ, ಮೆಲ್ಲಗಿನ ಮಾತು. ಮರುದಿನ ಬೆಳಿಗ್ಗೆ ಹೊಲಕ್ಕೆ ಕರೆದೊಯ್ದು ಎಲ್ಲರಿಗೂ ಸೀತನಿ ತಿನ್ನಿಸಿದ. ಸೆಗಣಿ ಕುಳ್ಳಿನ ಕೆಂಡದಲ್ಲಿ ಹಾಲುತೆನೆ ಸುಟ್ಟು, ತಿಕ್ಕಿ, ಬೆಲ್ಲದ ಜೊತೆ ಕೊಡುವ ಹಸಿರು ಕಾಳು. ಬಂದವರು ಒಂದು ಹಿಡಿ ತಿಂದರು. ಎರಡನೆಯ ಹಿಡಿಗೆ ಕೈ ಚಾಚಲಿಲ್ಲ. ಸಿದ್ದಪ್ಪ ಒತ್ತಾಯ ಮಾಡಲಿಲ್ಲ.

"ಇನ್ನ ಒಂದ ತಿಂಗಳಕ್ಕ ನಮ್ಮದು ಕೊಯ್ಲ ಐತಿ," ಎಂದ. "ಕುಡಗೋಲ ಹಿಡೀರಿ. ಕೈ ಸುಮ್ಮಕಿದ್ರ ಮನಸ್ಸ ಊರಿಗಿ ಓಡತೈತಿ."

ಹೊರಡುವಾಗ ನೀಲವ್ವ ಅಕ್ಕನ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಊರ ಹೊರಗಿನ ಬಾವಿಯವರೆಗೆ ಬಂದಳು. ಅಲ್ಲಿ ನಿಂತು ನನ್ನನ್ನು ಕೇಳಿದಳು:

"ಅಕ್ಕನ್ನ ಒಯ್ಯೂದು ಇಲ್ಲಿಂದ ಎಷ್ಟ ದೂರ್ರಿ?"

"ಅರವತ್ತು ಮೈಲು ಆದೀತವ್ವಾ."

"ಮೋಟಾರಿನ್ಯಾಗ ಎಷ್ಟ ದಿನ?"

"ಎರಡು ದಿನ."

"ನಡಕೊಂತ ಬಂದ್ರ?"

ನಾನು ಎತ್ತುಗಳ ಕಡೆಗೆ ತಿರುಗಿದೆ. ಅವಳು ಮಗುವನ್ನು ಅಕ್ಕನ ಕೈಗೆ ಕೊಟ್ಟು, ಅಕ್ಕನ ಸೆರಗಿನ ಅಂಚನ್ನು ಸರಿಮಾಡಿ, ಮತ್ತೆ ಸರಿಮಾಡಿ, ತಿರುಗಿ ನೋಡದೆ ನಡೆದುಬಿಟ್ಟಳು. ಗಂಗವ್ವ ಬಂಡಿಯಲ್ಲಿ ಹಿಂಬದಿಗೆ ಮುಖಮಾಡಿ ಕುಳಿತಳು. ಮೂಡಲಗಿಯ ಮರಗಳು ಮರೆಯಾದ ಮೇಲೂ ಹಾಗೆಯೇ ಕುಳಿತಿದ್ದಳು.

ಬುಧವಾರ ಗೋಕಾಕದಿಂದ ಹುಕ್ಕೇರಿಗೆ ಸರ್ವಿಸ್ ಮೋಟಾರಿನಲ್ಲಿ ಹೋದೆವು. ತಲೆಗೆ ಎಂಟಾಣೆ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ದುಡ್ಡು ಕೇಳುವುದಿಲ್ಲ. ಗೋಕಾಕ ರೋಡ್ ಸ್ಟೇಶನ್ನಿನ ಹತ್ತಿರ ರೈಲಿಗಾಗಿ ಗೇಟು ಹಾಕಿದ್ದರಿಂದ ಅರ್ಧ ಗಂಟೆ ನಿಂತೆವು. ಮುಂದೆ ಕೆಂಪು ಧೂಳಿನ ಏರುದಾರಿ. ಮಧ್ಯಾಹ್ನ ಹುಕ್ಕೇರಿಯ ಹಳೆಯ ಗುಮ್ಮಟಗಳು ಕಂಡವು. ಅಲ್ಲಿ ಎರಡು ಮನೆಯವರನ್ನು ಒಪ್ಪಿಸಿದೆ. ಒಂದು ಮನೆಯವರು ಎಣ್ಣೆಯ ಗಾಣದವರ ಹಿತ್ತಲಿಗೆ, ಇನ್ನೊಂದು ಮನೆಯವರು ಊರ ಮಠದ ಕೊಟ್ಟಿಗೆಯ ಪಕ್ಕಕ್ಕೆ. ಕಾಗದದ ಮೇಲೆ ನನ್ನ ಸಹಿ, ಪಡೆದವರ ಸಹಿ. ಏಳು ಹೆಸರುಗಳಲ್ಲಿ ಆರಕ್ಕೆ ಗೀಟು ಬಿತ್ತು. ಕೆಲಸ ಸಲೀಸಾಗಿ ಮುಗಿಯುತ್ತಿದೆ ಎಂದು ನಾನು ಮನಸ್ಸಿನಲ್ಲೇ ಹೆಮ್ಮೆಪಟ್ಟದ್ದುಂಟು.

ಗುರುವಾರ ಮಧ್ಯಾಹ್ನ ಸಂಕೇಶ್ವರ. ಪೇಟೆಯಲ್ಲಿ ಮೆಣಸಿನಕಾಯಿಯ ಘಾಟು. ಕನ್ನಡ ಎಷ್ಟೋ ಮರಾಠಿಯೂ ಅಷ್ಟೇ ಕೇಳುತ್ತಿತ್ತು. ಹಿರಣ್ಯಕೇಶಿಯ ದಂಡೆಯ ಧರ್ಮಶಾಲೆಯಲ್ಲಿ ಗಂಟು ಇಳಿಸಿದೆವು. ಶುಕ್ರವಾರ ಬೆಳಿಗ್ಗೆ ಹೊಳೆಯ ಗುಂಟ ಮೂರು ಮೈಲು ನಡೆದು ಪಡುವಣ ಸಂಸ್ಥಾನದ ನಾಕಾಕ್ಕೆ ಬಂದೆವು. ದಾರಿಗೆ ಅಡ್ಡ ಒಂದು ಬಿದಿರು, ಪಕ್ಕದಲ್ಲಿ ಹೆಂಚಿನ ಚೌಕಿ, ಒಂದು ಬೇವಿನ ಮರ. ಆಚೆಯ ದಾರಿಗೂ ಈಚೆಯ ದಾರಿಗೂ ಮಣ್ಣು ಒಂದೇ ಬಣ್ಣ.

ನಾಕೇದಾರ ನಡುವಯಸ್ಸಿನ, ಮರ್ಯಾದೆಯ ಮನುಷ್ಯ. ನನಗೆ ಕುರ್ಚಿ ಕೊಟ್ಟ. ಕಾಗದ ಓದಿ, ಗಂಗವ್ವನನ್ನು ನೋಡಿ, ಮರಾಠಿಯಲ್ಲಿ ಕೇಳಿದ:

"ಇದರಲ್ಲಿ ಒಂದು ಕುಟುಂಬ ಎಂದಿದೆ. ಗಂಡಸು ಎಲ್ಲಿ?"

"ಸೆರೆಯಲ್ಲಿದ್ದಾನೆ. ಅದನ್ನು ಪತ್ರದಲ್ಲಿ ತಿಳಿಸಿದ್ದರಲ್ಲ?"

"ನನಗೆ ಬಂದ ಹುಕುಮಿನಲ್ಲಿ ಅದಿಲ್ಲ. ಗಂಡಸಿದ್ದರೆ ಹೊಲಕ್ಕೆ ಹಚ್ಚುತ್ತೇವೆ, ಜಾಗ ಕೊಡುತ್ತೇವೆ. ಒಬ್ಬಳೇ ಹೆಂಗಸನ್ನು ಯಾರ ಮನೆಗೆ ಅಂತ ಕಳಿಸಲಿ? ನಾಳೆ ಅವನು ಬಿಡುಗಡೆಯಾಗಿ ಇಲ್ಲಿಗೇ ಬಂದು ಚಳವಳಿ ಶುರುಮಾಡಿದರೆ ಅವರ ದೊರೆ ನಮ್ಮ ದೊರೆಯನ್ನು ಕೇಳುತ್ತಾನೆ. ಅದಕ್ಕೆ ನಾನು ಉತ್ತರ ಕೊಡಬೇಕೇ?"

ಮೇಲಿನವರಿಗೆ ಬರೆದು ಕೇಳುತ್ತೇನೆ, ಭಾನುವಾರ ಬನ್ನಿ ಎಂದ. ನಾವು ತಿರುಗಿ ಸಂಕೇಶ್ವರಕ್ಕೆ ನಡೆದೆವು. ಅಲ್ಲಿ ನಮ್ಮ ಕಡೆಯ ಫೌಜದಾರ, ಈಕೆಯ ಹೆಸರು ಗೋಕಾಕದ ಯಾದಿಯಿಂದ ತೆಗೆದಾಗಿದೆ, ಹುಕ್ಕೇರಿಯ ಯಾದಿಯಲ್ಲಿ ಇಲ್ಲ, ಸೋಮವಾರದವರೆಗೆ ಇರಬಹುದು ಎಂದ. ಆಮೇಲೆ ಎಲ್ಲಿ ಎಂದು ಕೇಳಿದರೆ, ಹಳ್ಳದಾಚೆಗೆ, ಬಂದಲ್ಲಿಗೆ ಎಂದ.

ಶನಿವಾರ ಗಂಗವ್ವನನ್ನು ಧರ್ಮಶಾಲೆಯ ಹೆಣ್ಣುಮಕ್ಕಳ ಜೊತೆ ಬಿಟ್ಟು, ಹೆದ್ದಾರಿಯ ಮೋಟಾರು ಹಿಡಿದು ಹತ್ತರಗಿಗೆ ಹೋದೆ. ಅಲ್ಲಿಯ ಗೌಡರ ಪರಿಚಯ ಸ್ವಲ್ಪ ಇತ್ತು. ಅವರು ಚಹಾ ಕೊಟ್ಟರು, ಪೂರ್ತಿ ಕೇಳಿಸಿಕೊಂಡರು.

"ಮಾಸ್ತರ್ರ, ನಾ ಒಲ್ಲೆ ಅನ್ನಾಕತ್ತಿಲ್ಲ," ಎಂದರು. "ಬ್ಯಾರೆ ಕಡಿಂದ ಬಂದ ಎರಡ ಮನಿ ನಮ್ಮೂರಾಗ ಆಗಲೇ ಅದಾವ. ಊರವ್ರನ್ನ ಒಪ್ಪಸೂದ್ರಾಗ ನಂಗ ಸಾಕಾಗೇತಿ. ಮತ್ತೊಬ್ರನ್ನ ತಂದ್ರ ಆ ಇಬ್ರನ್ನೂ ಬಿಡಸತಾರ. ಮುಂದಿನ ಊರವ್ರೂ ಒಂದೀಟ ಹೊರ್ಲೆಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಿರುಗಿ ಬರುವ ದಾರಿಯಲ್ಲಿ ಅದನ್ನೇ ಯೋಚಿಸಿದೆ. ನಾಗನೂರು ತನ್ನ ಪಾಲು ಹೊತ್ತಿತ್ತು, ಮೂಡಲಗಿ ಹೊತ್ತಿತ್ತು, ಹುಕ್ಕೇರಿ, ಹತ್ತರಗಿ ಹೊತ್ತಿದ್ದವು. ಎಲ್ಲರೂ ಹೊತ್ತ ಮೇಲೂ ಒಬ್ಬ ಹೆಂಗಸು, ಒಂದು ಕೂಸು ಯಾರ ಪಾಲಿಗೂ ಸೇರದೆ ಉಳಿದಿದ್ದರು. ಪತ್ರ ಬರೆದವರಲ್ಲಿ ನಾನೂ ಒಬ್ಬ. ಮನೆ ಎಂದು ಬರೆದಾಗ ನಮ್ಮ ಕಣ್ಣಮುಂದೆ ಗಂಡ, ಹೆಂಡತಿ, ಮಕ್ಕಳು ಇದ್ದರೇ ಹೊರತು ಗಂಗವ್ವ ಇರಲಿಲ್ಲ.

ಸುದ್ದಿ ಹೇಳಿದಾಗ ಅವಳು ಮಗುವಿಗೆ ರೊಟ್ಟಿಯನ್ನು ಹಾಲಿನಲ್ಲಿ ಕಲಸಿ ತಿನ್ನಿಸುತ್ತಿದ್ದಳು. ತುತ್ತು ಮುಗಿಸಿ, ಕೈ ತೊಳೆದು ಬಂದು ಹೇಳಿದಳು:

"ನಾ ನಮ್ಮೂರಿಗೆ ತಿರುಗಿ ಹೊಕ್ಕೇನ್ರಿ."

"ಅಲ್ಲಿ ಬಿಟ್ಟಿಗೆ ಎಳೆಯುತ್ತಾರವ್ವಾ."

"ಎಳೀಲ್ರಿ. ಮಾಡತೇನಿ. ನಮ್ಮ ಮನಿ ಬಾಗಲಾ ಮುರದಾರ, ಹೊಚ್ಚಲಾ ಇನ್ನೂ ಐತೆಲ್ಲ."

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ನಿನ್ನ ಗಂಡ ಆ ಚಾಕರಿ ಬೇಡವೆಂದೇ ಸೆರೆಗೆ ಹೋದನಲ್ಲ ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಹೊಳೆಯ ಕಡೆಗೆ ನೋಡುತ್ತ ಕುಳಿತಳು. "ಅದನ್ನಽ ವಿಚಾರ ಮಾಡಾಕತ್ತೇನ್ರಿ," ಎಂದಳು. "ಅವ್ರು ಬಂದು, ಯಾಕ ತಿರುಗಿ ಬಂದಿ ಅಂತ ಕೇಳಿದ್ರ, ಏನ ಹೇಳಲಿ?" ನಾಳೆ ಒಂದು ದಿನ ನೋಡೋಣ ಎಂದೆ. ಅವಳು ಒಪ್ಪಿದಳು.

ಭಾನುವಾರ ನಾಕಾದ ಬಳಿ ಸಂತೆ. ಬೇವಿನ ಮರದ ಸುತ್ತ ಬದನೆಕಾಯಿ, ಗಜ್ಜರಿ, ಮೂಲಂಗಿಯ ರಾಶಿ. ಮೇಲಿನವರ ಜವಾಬು ಬಂದಿತ್ತು. ಸಂಸ್ಥಾನದ ಒಕ್ಕಲಿಗನೊಬ್ಬ ತನ್ನ ಮನೆಯಲ್ಲಿ ಇಟ್ಟುಕೊಳ್ಳುವುದಾಗಿ ಹೆಬ್ಬೆಟ್ಟು ಒತ್ತಬೇಕು. ಕರೆತಂದವನು, ಎಂದರೆ ನಾನು, ಹೇಳಿದಾಗ ತಿರುಗಿ ಕರೆದೊಯ್ಯುತ್ತೇನೆಂದು ಬರೆದುಕೊಡಬೇಕು. ಸಂಜೆಯೊಳಗೆ ಯಾರೂ ಮುಂದೆ ಬಾರದಿದ್ದರೆ ಇಲ್ಲ. ನಾಕೇದಾರನಿಗೂ ಇದು ಹಿಡಿಸಿರಲಿಲ್ಲವೆಂದು ತೋರುತ್ತದೆ. ತಾನೇ ಎದ್ದು ಹೋಗಿ ಸಂತೆಯವರಲ್ಲಿ ಇಬ್ಬರು ಮೂವರನ್ನು ಕೇಳಿದ. ಅವರು ತಲೆ ಅಲ್ಲಾಡಿಸಿ ತಮ್ಮ ತಕ್ಕಡಿಗಳಿಗೆ ಮರಳಿದರು.

ಮಧ್ಯಾಹ್ನ ಮಗು ಅಳಲು ಶುರುಮಾಡಿತು. ಗಂಗವ್ವ ಅದನ್ನು ಹೆಗಲಿಗೆ ಹಾಕಿಕೊಂಡು, "ಅಳಬ್ಯಾಡ ನನ್ನವ್ವ, ಹೊತ್ತ ಮುಳಗೂದ್ರಾಗ ಮನಿಗಿ ಹೋಗೂಣು" ಎಂದು ಬೇವಿನ ಮರದ ಕೆಳಗೆ ಅಡ್ಡಾಡುತ್ತಿದ್ದಳು. ಬದನೆಕಾಯಿ ಮಾರುತ್ತಿದ್ದ ಒಬ್ಬ ಹೆಂಗಸು ತಕ್ಕಡಿ ಹಿಡಿದವಳು ಹಾಗೆಯೇ ನಿಂತಳು. ಐವತ್ತರ ಹತ್ತಿರದ ವಯಸ್ಸು, ಕಚ್ಚೆ ಹಾಕಿದ ಸೀರೆ. ಕೊಳ್ಳುವವನು ಏನೋ ಅಂದ, ಅವಳಿಗೆ ಕೇಳಿಸಲಿಲ್ಲ. ತಕ್ಕಡಿ ಕೆಳಗಿಟ್ಟು ಗಂಗವ್ವನ ಹತ್ತಿರ ಬಂದಳು.

"ಯಾವೂರವ್ವಾ?" ಎಂದಳು. ಕನ್ನಡವೇ, ಆದರೆ ಒಂದೊಂದು ಅಕ್ಷರವನ್ನೂ ಹುಡುಕಿ ತೆಗೆದಂತೆ. "ಯಾವೂರಾಕಿ ನೀ?"

ಗಂಗವ್ವ ಊರು ಹೇಳಿದಳು. ಬದನೆಕಾಯಿಯವಳಿಗೆ ಅದು ಗೊತ್ತಿರಲಿಲ್ಲ. "ಮೂಡಲಗಿ ಗೊತ್ತೈತೇನ?" ಎಂದಳು. ಗಂಗವ್ವ, ಮೂಡಲಗಿಯಲ್ಲಿ ತನ್ನ ತಂಗಿ ಇದ್ದಾಳೆ, ಮಂಗಳವಾರ ಅಲ್ಲಿಂದಲೇ ಬಂದೆ ಎಂದಾಗ, ಆಕೆ ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡಳು.

ಆಕೆಯ ಹೆಸರು ಪಾರ್ವತಿ. ಮೂಡಲಗಿಯ ಪಕ್ಕದ ಒಂದು ಹಳ್ಳಿ ಅವಳ ತವರು. ಹನ್ನೆರಡನೆಯ ವರ್ಷಕ್ಕೆ ಮದುವೆಯಾಗಿ ಈ ಸೀಮೆಗೆ ಬಂದವಳು. ನಾಕಾದಿಂದ ಎಂಟು ಮೈಲು ಒಳಗೆ, ಗುಡ್ಡದ ಬುಡದಲ್ಲಿ ಇವಳ ಮನೆ. ಅಲ್ಲಿ ಮರಾಠಿ ಬಿಟ್ಟರೆ ಬೇರೆ ಮಾತಿಲ್ಲ. ಊರೂರಿಗೆ ಹಬ್ಬಿದ ಮಾನಮೋಡಿ ಜ್ವರದ ವರ್ಷ ತವರಿನಲ್ಲಿ ತಾಯಿ, ಅಣ್ಣ ಇಬ್ಬರೂ ಒಂದೇ ವಾರದಲ್ಲಿ ಹೋದರು. ಆಮೇಲೆ ಅತ್ತ ಹೋಗಲು ಕಾರಣವಿರಲಿಲ್ಲ, ಕರೆಯುವವರೂ ಇರಲಿಲ್ಲ.

"ಸಂತ್ಯಾಗ ಒಂದೊಂದ ಮಾತ ಕಿವಿಗೆ ಬೀಳತಾವ್ರಿ," ಎಂದು ನನಗೆ ಹೇಳಿದಳು. "ಎಷ್ಟು, ಕೊಡು, ತಗೋ. ಅಷ್ಟಽ. ಕೂಸಿಗೆ ಆಡೂ ಮಾತ ಕೇಳಿ ಬಾಳ ವರ್ಷ ಆತು."

ಗಂಡನನ್ನು ಕರೆದು ಮರಾಠಿಯಲ್ಲಿ ಮಾತಾಡಿದಳು. ಅವನು ಒಳ್ಳೆಯವನೇ, ಆದರೆ ಹೆದರಿದ. ಇದು ದೊರೆಗಳ ವ್ಯವಹಾರ, ನಮಗೇಕೆ. ಮನೆಯಲ್ಲಿ ಆರು ಬಾಯಿ ಇವೆ ಎಂದ. ಅವಳು ದನಿ ಏರಿಸಲಿಲ್ಲ. "ನೀವು ನನ್ನ ಕರೆತಂದಾಗ ನಿಮ್ಮ ತಾಯಿ ನನ್ನನ್ನು ಎಣಿಸಿ ಒಳಗೆ ಬಿಟ್ಟಳೇ?" ಎಂದು ಕೇಳಿದಳು. ಅವನು ತಲೆಯ ಮುಂಡಾಸು ಸರಿಮಾಡಿಕೊಳ್ಳುತ್ತ ಚೌಕಿಯ ಮೆಟ್ಟಿಲು ಹತ್ತಿ ಹೆಬ್ಬೆಟ್ಟು ಒತ್ತಿದ. ಕೆಳಗೆ ನಾನು ಸಹಿ ಮಾಡಿದೆ. ನಾಕೇದಾರ ತಾನೇ ಬಂದು ಬಿದಿರನ್ನು ಎತ್ತಿದ.

ಉಳಿದ ಬದನೆಕಾಯಿಯನ್ನು ಹಾಗೆಯೇ ಬುಟ್ಟಿಗೆ ತುಂಬಿ ಬಂಡಿ ಹೂಡಿದರು. ತಿರುವಿನವರೆಗೆ ಬರುತ್ತೇನೆ ಎಂದು ನಾನೂ ಜೊತೆಗೆ ನಡೆದೆ. ಇಬ್ಬರು ಹೆಂಗಸರೂ ಹಿಂದೆ ಕುಳಿತಿದ್ದರು. ಗಂಗವ್ವ ಹೊಸ ಜಾಗದ ಅಂಜಿಕೆಯಲ್ಲಿ ಮೈ ಹಿಡಿಮಾಡಿಕೊಂಡಿದ್ದಳು.

"ಮಾತಾಡವ್ವಾ," ಎಂದಳು ಪಾರ್ವತಿ.

"ಏನ ಮಾತಾಡ್ಲೆವ್ವಾ?"

"ಏನಾರ. ನಿಮ್ಮೂರಾಗ ಈಗ ಏನ ನಡದಿರತೈತಿ, ಅದನ್ನ ಹೇಳು."

ಗಂಗವ್ವ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ತೊಡಗಿದಳು. ಜೋಳ ಹಾಲಿಗೆ ಬಂದಿದೆ, ಹೊತ್ತು ಹುಟ್ಟುವ ಮುಂಚೆ ಹೊಲದ ಅಟ್ಟ ಹತ್ತಿ ಕವಣೆ ಬೀಸಬೇಕು. ಊರಬಾಗಿಲ ಅಗಸಿಯ ಕಟ್ಟೆಯಲ್ಲಿ ಮುದುಕರು ಬಿಸಿಲು ಕಾಯಿಸುತ್ತಾರೆ. ಎಮ್ಮೆ ಈ ತಿಂಗಳು ಈಯಬೇಕಿತ್ತು. ಹಿತ್ತಲಿನ ಅವರೆ ಹೂ ಬಿಟ್ಟಿತ್ತು. ಪಾರ್ವತಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಡುನಡುವೆ ಒಂದು ಮಾತನ್ನು ಹಿಡಿದು, 'ಕವಣಿ', 'ಅಟ್ಟ' ಎಂದು ತಾನೂ ಮೆಲ್ಲನೆ ಅಂದು ನೋಡುತ್ತಿದ್ದಳು. ತಿರುವಿನಲ್ಲಿ ನಾನು ನಿಂತೆ. ಗಂಗವ್ವ ಮಾತು ನಿಲ್ಲಿಸದೆ ನನಗೆ ಕೈಮುಗಿದಳು. ಬಂಡಿ ಕಬ್ಬಿನ ಗದ್ದೆಗಳ ನಡುವೆ ಇಳಿಯಿತು. ಅದು ಕಾಣದಾದ ಮೇಲೂ ಸ್ವಲ್ಪ ಹೊತ್ತು ಅವಳ ದನಿ ಕೇಳುತ್ತಿತ್ತು.

ಸೋಮವಾರ ಗೋಕಾಕ ತಲುಪಿದೆ. ರಜೆ ಒಂದು ದಿನ ಉಳಿದಿತ್ತು. ಮಂಗಳವಾರ ನಸುಕಿನಲ್ಲೇ ಮೂಡಲಗಿಗೆ ಹೊರಟಿದ್ದ, ಸಜ್ಜೆ ಹೇರಿದ ಬಂಡಿಯೊಂದರಲ್ಲಿ ಜಾಗ ಸಿಕ್ಕಿತು. ನೀಲವ್ವ ಸಿದ್ದಪ್ಪನ ಹೊಲದಲ್ಲಿ ದನಕ್ಕೆ ಹಸಿಮೇವು ಕೊಯ್ಯುತ್ತಿದ್ದಳು. ನನ್ನನ್ನು ಕಂಡು ಕುಡುಗೋಲು ನೆಲಕ್ಕೆ ಹಾಕಿ ಓಡಿ ಬಂದಳು. ನಾಕಾದಲ್ಲಿ ಕಾದದ್ದು, ಪಾರ್ವತಿ ಬಂದದ್ದು ಎಲ್ಲವನ್ನೂ ಹೇಳಿದೆ. ಗಂಗವ್ವ ಊರಿಗೆ ತಿರುಗಿ ಹೋಗುತ್ತೇನೆ ಎಂದಿದ್ದಳೆಂಬುದನ್ನು ಮಾತ್ರ ಬಿಟ್ಟೆ.

"ಆ ಯವ್ವ ಏನ ಕೆಲಸಾ ಹಚ್ಯಾಳ್ರಿ ಅಕ್ಕಗ?"

"ಮಾತನಾಡು ಎಂದಳು. ನಿನ್ನ ಅಕ್ಕ ದಾರಿಯುದ್ದಕ್ಕೂ ಊರ ಸುದ್ದಿ ಹೇಳುತ್ತ ಹೋದಳು."

ನೀಲವ್ವ ನನ್ನ ಮುಖವನ್ನೇ ನೋಡಿದಳು. "ಅಕ್ಕ ಮಾತಾಡಿದ್ಲ?" ಎಂದಳು. "ನಮ್ಮನ್ಯಾಗ ಮಾತೆಲ್ಲಾ ನಂದ್ರಿ. ಆಕಿ ಬರೇ ಕೇಳತಿದ್ಲು. ಸಣ್ಣಾಕಿದ್ದಾಗಿಂದ ಹಂಗಽ." ನಗಲು ಹೋದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಲ್ಲಿ ನಾ ಎಲ್ಲಾರ ಮುಂದ ಸುಮ್ಮನಽ ಕುಂದರತೇನ್ರಿ," ಎಂದಳು. "ಹೇಳೂದು ಬಾಳ ಐತಿ. ಹ್ಞೂಂ ಅನ್ನಾವ್ರಿಲ್ಲ."

ನಾನು ಇನ್ನು ಆ ಕಡೆಗೆ ಹೋಗುವುದು ಸದ್ಯಕ್ಕಿಲ್ಲ, ಏನಾದರೂ ತಿಳಿಸುವುದಿದ್ದರೆ ಪತ್ರ ಬರೆದು ಹಾಕುತ್ತೇನೆ ಎಂದೆ.

"ಬರಿಯೂದು ಬ್ಯಾಡ್ರಿ. ಹೋಗೂದೂ ಬ್ಯಾಡ. ನೀವು ಕೇಳ್ರಿ, ಸಾಕು."

ಬದುವಿನ ಮೇಲೆ ಕುಳಿತೆ. ಅವಳು ಕುಡುಗೋಲು ಎತ್ತಿಕೊಂಡು ಮೇವು ಕೊಯ್ಯುತ್ತಲೇ ಹೇಳತೊಡಗಿದಳು. ಸಿದ್ದಪ್ಪನ ಹೆಂಡತಿ ಕೊಟ್ಟ ಸೀರೆ, ಮಲ್ಲಪ್ಪನ ಕೆಮ್ಮು, ಇಲ್ಲಿಯ ಬಾವಿಯ ನೀರು ಸವಳೆಂಬುದು, ಊರಿನಿಂದ ಬಂದ ಯಾರೋ ಎಮ್ಮೆ ಈದು ಹೆಣ್ಣುಗರು ಹಾಕಿದೆ ಎಂದದ್ದು, ಬೆಳಗಿನ ಜಾವ ಎಚ್ಚರಾದಾಗ ಒಂದು ಗಳಿಗೆ ತಾನು ಎಲ್ಲಿದ್ದೇನೆಂದು ತಿಳಿಯದ್ದು. ನಾನು ಹ್ಞೂಂ, ಹ್ಞೂಂ ಎನ್ನುತ್ತ ಹೋದೆ. ಬಿಸಿಲು ಇಳಿಯಿತು. ರಾತ್ರಿಯ ಪಯಣದಲ್ಲಿ ಗೋಕಾಕಕ್ಕೆ ತಿರುಗುವ ಬಂಡಿಯವನು ದಾರಿಯಿಂದ ಎರಡು ಸಲ ಕೂಗಿದ. ಮೂರನೆಯ ಸಲಕ್ಕೆ ಎದ್ದೆ.

ಬಂಡಿ ಏರಿನ ಮೇಲೆ ಬಂದಾಗ ತಿರುಗಿ ನೋಡಿದೆ. ಹೊಲದಲ್ಲಿ ಅವಳು ಒಬ್ಬಳೇ ಇದ್ದಳು. ಕೈ ಕೆಲಸ ಮಾಡುತ್ತಿತ್ತು, ಮುಖ ಪಡುವಣಕ್ಕಿತ್ತು, ತುಟಿಗಳು ಆಡುತ್ತಿದ್ದವೋ ಇಲ್ಲವೋ ಅಷ್ಟು ದೂರದಿಂದ ತಿಳಿಯಲಿಲ್ಲ.